ಬಲಗಡೆಯ ಸೀಟು

ಸಣ್ಣ ಜೆಟ್ ವಿಮಾನಗಳ ಸಮ್ಮೇಳನಗಳಿಗೆ ಹೋಗಿ ಹೋಗಿ ನನಗೆ ಸಾಕಾಗಿದೆ. ಎಲ್ಲಿ ನಡೆದರೂ ಒಳಗೆ ಕಾಲಿಟ್ಟ ಮೇಲೆ ಎಲ್ಲ ಒಂದೇ. ಅದೇ ಬೂದು ಬಣ್ಣದ ಜಮಖಾನೆ, ಅದೇ ಆರಿದ ಕಾಫಿ, ಕೊರಳಿಗೆ ಹೆಸರಿನ ಬಿಲ್ಲೆ ನೇತುಹಾಕಿಕೊಂಡ ಅದೇ ಮುಖಗಳು. ಮುಖ ಬದಲಾಗುವುದಿಲ್ಲ, ಬಿಲ್ಲೆಯ ಮೇಲಿನ ಕಂಪನಿ ಬದಲಾಗುತ್ತದೆ. ಹೋದ ಸಲ ಎಂಜಿನ್ ಮಾರುತ್ತಿದ್ದವನು ಈ ಸಲ ಬ್ಯಾಟರಿ ಮಾರುತ್ತಾನೆ. ಆಗ ಎಂಜಿನ್ನನ್ನು ಹೊಗಳಿದ ಬಾಯಲ್ಲೇ ಈಗ ಅದನ್ನು ಬೈಯುತ್ತಾನೆ. ವೇದಿಕೆಯ ಮೇಲೆ ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು, ಏರ್ ಟ್ಯಾಕ್ಸಿಯ ಕಾಲ ಬಂದೇಬಿಟ್ಟಿತು, ಮುಂದಿನ ವರ್ಷದಿಂದ ಜನ ಕಾರು ಕರೆದಷ್ಟು ಸಲೀಸಾಗಿ ವಿಮಾನ ಕರೆಯುತ್ತಾರೆ ಎನ್ನುತ್ತಾರೆ. ಈ ಮಾತನ್ನು ನಾನು ಮೊದಲ ಸಲ ಕೇಳಿದಾಗ ನನ್ನ ತಲೆ ತುಂಬ ಕೂದಲಿತ್ತು.

ಮಾತು ಕೇಳುವ ಚಪಲಕ್ಕೆ ಹೋಗುವವನು ನಾನಲ್ಲ. ನಾನು ಪೈಲಟ್. ಯಜಮಾನರನ್ನು ಸಮ್ಮೇಳನಕ್ಕೆ ತಲುಪಿಸುವುದು, ಅವರು ವಿಮಾನವನ್ನು ಹೊರಗೆ ಪ್ರದರ್ಶನಕ್ಕೆ ನಿಲ್ಲಿಸಿಕೊಂಡಾಗ ಬಾಗಿಲ ಬಳಿ ನಿಂತು ನಗುವುದು, ಬಂದವರು ಬಿಟ್ಟುಹೋದ ಬೆರಳಿನ ಗುರುತುಗಳನ್ನು ಒರೆಸುವುದು, ಮತ್ತೆ ಯಜಮಾನರನ್ನು ಮನೆಗೆ ಮುಟ್ಟಿಸುವುದು ನನ್ನ ಕೆಲಸ. ನಮ್ಮ ಕಂಪನಿಗೆ ಇರುವುದು ಒಂದೇ ಪುಟ್ಟ ಜೆಟ್. ಹಿಂದೆ ಗಿರಾಕಿಗಳಿಗೆ ನಾಲ್ಕು ಸೀಟು, ಮುಂದೆ ನಮಗೆ ಎರಡು. ಎಡಗಡೆಯ ಸೀಟು ಕ್ಯಾಪ್ಟನ್ನರದು. ಅವರು ನನ್ನ ಅಕ್ಕನ ಗಂಡ. ಊರಿಗೆಲ್ಲ ಕ್ಯಾಪ್ಟನ್, ನನಗೆ ಭಾವ. ಬಲಗಡೆಯದು ಸಹಪೈಲಟ್ಟಿನದು. ಅದು ನನ್ನದು. ಆ ಸೀಟಿನ ಸ್ಪಂಜಿನಲ್ಲಿ ನನ್ನ ಮೈಯ ಆಕಾರದ ತಗ್ಗೇ ಬಿದ್ದಿದೆ.

ಈ ಸಲದ ಸಮ್ಮೇಳನದಲ್ಲಿ ಆ ಸೀಟಿನ ಬುಡಕ್ಕೇ ನೀರು ಬಂದಿತ್ತು.

ವಿಷಯ ಇಷ್ಟೆ. ನಮ್ಮಂಥ ಜೆಟ್ಟನ್ನು ಒಬ್ಬನೇ ಪೈಲಟ್ ಹಾರಿಸಬಹುದು ಎಂದು ಕಾನೂನೇ ಹೇಳುತ್ತದೆ. ಆದರೂ ಗಿರಾಕಿಗಳ ಧೈರ್ಯಕ್ಕೆ, ವಿಮೆಯವರ ಸಮಾಧಾನಕ್ಕೆ ಇಬ್ಬರನ್ನು ಇಟ್ಟುಕೊಳ್ಳುವುದು ರೂಢಿ. ಯಜಮಾನರಿಗೆ ಈ ರೂಢಿ ಬಿಡಬೇಕು ಎನ್ನಿಸಿತ್ತು. ನನ್ನನ್ನು ಇಳಿಸಿ ಆ ಜಾಗದಲ್ಲಿ ಒಬ್ಬ ಗಿರಾಕಿಯನ್ನು ಕೂರಿಸಿದರೆ ನಾಲ್ಕು ಸೀಟು ಐದಾಗುತ್ತದೆ. ಮಧ್ಯಾಹ್ನ ಇದೇ ವಿಷಯದ ಮೇಲೆ ಗೋಷ್ಠಿ ಇತ್ತು. ಅದರಲ್ಲಿ ಭಾವ ವೇದಿಕೆಯ ಮೇಲೆ ಕೂತು, ಇಷ್ಟು ವರ್ಷ ಈ ವಿಮಾನ ಹಾರಿಸಿದ ಅನುಭವದಿಂದ ಹೇಳುತ್ತೇನೆ, ಒಬ್ಬ ಪೈಲಟ್ ಸಾಕು ಎನ್ನಬೇಕಿತ್ತು. ಹಾಗೆಂದರೆ ನನ್ನ ಕೆಲಸ ಹೋಯಿತು. ಸಾಲದು ಎಂದರೆ, ಯಾಕೆ ಸಾಲದು ಎಂದೂ ಹೇಳಬೇಕಾಗುತ್ತಿತ್ತು. ಅದು ಗೊತ್ತಿದ್ದದ್ದು ಭಾವನಿಗೆ, ಅಕ್ಕನಿಗೆ, ಮತ್ತು ನನಗೆ ಮಾತ್ರ. ಭಾವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ.

ಪೂರ್ತಿ ಕಿವುಡಲ್ಲ. ಎದುರಿಗೆ ಕೂತು ನಿಧಾನವಾಗಿ ಹೇಳಿದರೆ ಎಲ್ಲ ಕೇಳುತ್ತದೆ. ಹಿಂದಿನಿಂದ ಕರೆದರೆ, ಇಬ್ಬರು ಒಟ್ಟಿಗೆ ಮಾತಾಡಿದರೆ, ದೊಡ್ಡ ಕೋಣೆಯಲ್ಲಿ ದನಿ ಗುಂಯ್ ಎಂದರೆ ಮುಗಿಯಿತು. ಮನೆಯಲ್ಲಿ ಟಿವಿಯ ಸದ್ದಿಗೆ ಪಕ್ಕದ ಮನೆಯವರು ಗೋಡೆ ಬಡಿಯುವಷ್ಟಾದಾಗ ಅಕ್ಕನಿಗೆ ಗೊತ್ತಾಯಿತು. ವರ್ಷಕ್ಕೊಮ್ಮೆ ವೈದ್ಯರ ಪರೀಕ್ಷೆ ಇರುತ್ತದೆ ನಿಜ. ಆದರೆ ನಮ್ಮ ವೈದ್ಯರೂ ನಮ್ಮ ಹಾಗೆ ದಣಿದ ಮನುಷ್ಯ. ಬೆನ್ನ ಹಿಂದೆ ನಿಂತು ಮೆಲ್ಲಗೆ, "ಕ್ಯಾಪ್ಟನ್, ಮನೇಲಿ ಎಲ್ಲ ಹೇಗಿದಾರೆ?" ಎಂದು ಪ್ರತಿವರ್ಷವೂ ಅದೇ ಪ್ರಶ್ನೆ ಕೇಳುತ್ತಾರೆ. ಭಾವ ಒಂದು ಕ್ಷಣ ಕಾದು, "ಚೆನ್ನಾಗಿದಾರೆ" ಎನ್ನುತ್ತಾರೆ.

ವಿಮಾನದ ಒಳಗೆ ನಾನಿದ್ದೆನಲ್ಲ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಿಲ್ದಾಣದ ಗೋಪುರದವರು ರೇಡಿಯೊದಲ್ಲಿ ಏನೇ ಹೇಳಲಿ, ಎತ್ತರವಿರಲಿ, ದಿಕ್ಕಿರಲಿ, ಯಾವ ರನ್‌ವೇ ಎಂಬುದಿರಲಿ, ಹಾರಿಸದೆ ಕೂತ ಪೈಲಟ್ ಅದನ್ನು ಚಾಚೂ ತಪ್ಪದೆ ಅವರಿಗೆ ತಿರುಗಿ ಒಪ್ಪಿಸಬೇಕು. ಹೇಳಿದ್ದು ಒಂದು, ಕೇಳಿಸಿಕೊಂಡದ್ದು ಇನ್ನೊಂದು ಆಗದಿರಲಿ ಎಂದು. ಎಲ್ಲ ಪೈಲಟ್‌ಗಳೂ ಮಾಡುತ್ತಾರೆ. ನಾನು ಮಾಡುವಾಗ ಸ್ವಲ್ಪ ಮುಖ ಎಡಕ್ಕೆ ತಿರುಗಿಸಿ, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದೆ. ಗೋಪುರದವರಿಗೆ ಅದು ನಿಯಮ ಪಾಲನೆ, ಭಾವನಿಗೆ ಅದೇ ಕಿವಿ. ಹೀಗೆ ಮಾಡೋಣ ಎಂದು ನಾವಿಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ. ಹೇಗೋ ಶುರುವಾಯಿತು, ನಡೆದುಕೊಂಡು ಹೋಯಿತು. ತಪ್ಪಲ್ಲವೇ ಎಂದು ಯಾರಾದರೂ ಕೇಳಿದರೆ ತಪ್ಪೇ. ಆದರೆ ಭಾವನ ಕೈ ಮಾತ್ರ ಚಿನ್ನ. ಎಂಥ ಗಾಳಿಯಲ್ಲೂ ಅವರು ವಿಮಾನ ಇಳಿಸಿದರೆ ಹಿಂದೆ ಮಲಗಿದ್ದ ಗಿರಾಕಿಗೆ ಎಚ್ಚರವಾಗುತ್ತಿರಲಿಲ್ಲ. ಆ ಕೈಯನ್ನು ನಂಬಿ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಬೆಳಗ್ಗೆ ಯಜಮಾನರು ಒಬ್ಬ ದಪ್ಪನೆಯ ಗಿರಾಕಿಯನ್ನು ವಿಮಾನದ ಹತ್ತಿರ ಕರೆತಂದರು. ಊರೂರಿಗೆ ಆಸ್ಪತ್ರೆ ಕಟ್ಟಿಸುವ ಆಸಾಮಿ. ಯಜಮಾನರು ನಮ್ಮ ನಮ್ಮೊಳಗೆ 'ಮುಂದಿನ ವರ್ಷದವರು'. ಸಂಬಳ ಹೆಚ್ಚಿಸುವುದು, ಎರಡನೇ ವಿಮಾನ ತರುವುದು, ರಜೆ ಕೊಡುವುದು ಎಲ್ಲ ಅವರ ಬಾಯಲ್ಲಿ ಮುಂದಿನ ವರ್ಷ. ಕೆಟ್ಟವರಲ್ಲ, ತಾವು ಹೇಳಿದ್ದನ್ನು ಮೊದಲು ತಾವೇ ನಂಬುವ ಜಾತಿ.

ನಾನು ನನ್ನ ಸೀಟಿನಲ್ಲಿ ಕೂತು ಮುಂದಿನ ಗಾಜು ಒರೆಸುತ್ತಿದ್ದೆ. ಯಜಮಾನರು ಒಳಗೆ ತಲೆ ಹಾಕಿ, "ಇಲ್ಲಿ ನೋಡಿ, ಇಡೀ ವಿಮಾನದಲ್ಲಿ ಇದಕ್ಕಿಂತ ಒಳ್ಳೆ ಸೀಟಿಲ್ಲ. ಮುಂದಿಂದೆಲ್ಲ ಕಾಣುತ್ತೆ. ಮುಂದಿನ ವರ್ಷದಿಂದ ಇದು ಗಿರಾಕಿಗಳಿಗೇ ಮೀಸಲು" ಎಂದರು.

"ಈಗ ಇವರು ಕೂತಿದಾರಲ್ಲ?" ಎಂದ ದಪ್ಪನೆಯ ಗಿರಾಕಿ.

"ಅವ್ರಾ? ಅವ್ರು ಈಗ ಎದ್ದೇಳ್ತಾರೆ."

ಎದ್ದೆ. ಗಿರಾಕಿ ಉಸ್ಸೆಂದು ಕೂತ. ಎಡಕ್ಕೂ ಬಲಕ್ಕೂ ಹೊರಳಿ ನೋಡಿ, "ಪರವಾಗಿಲ್ಲ, ಆದ್ರೆ ಸೀಟು ಸ್ವಲ್ಪ ತಗ್ಗು ಬಿದ್ದಿದೆ" ಎಂದ. ಬದಲಾಯಿಸ್ತೀವಿ ಎಂದರು ಯಜಮಾನರು. ನಾನು ಕೆಳಗಿಳಿದು ರೆಕ್ಕೆಯ ಪಕ್ಕ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಆಳನ್ನು ಕೆಲಸದಿಂದ ಬಿಡಿಸುವವರೂ ಮೊದಲು ಬಾಗಿಲು ಹಾಕಿಕೊಂಡು ನಾಲ್ಕು ಒಳ್ಳೆ ಮಾತಾಡುತ್ತಾರೆ. ನನ್ನನ್ನು ನಾನು ಕೂತ ಜಾಗದಿಂದಲೇ ಎಬ್ಬಿಸಿ ಇನ್ನೊಬ್ಬನನ್ನು ಕೂರಿಸಿ ತೋರಿಸಿದರು.

ಊಟದ ಹೊತ್ತಿಗೆ ಭಾವನನ್ನು ಹುಡುಕಿಕೊಂಡು ಹೋದೆ. ಸಮ್ಮೇಳನದಲ್ಲಿ ಹಾಕಿದ್ದ ನಮ್ಮ ಮಳಿಗೆಯ ಹಿಂದೆ, ಪರದೆಯ ಆಚೆ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಕುರ್ಚಿ ಹಾಕಿಕೊಂಡು ಸಮವಸ್ತ್ರದಲ್ಲೇ ಕೂತಿದ್ದರು. ತೊಡೆಯ ಮೇಲೆ ಮುಟ್ಟದ ಸ್ಯಾಂಡ್‌ವಿಚ್. ನಾನು ಹೋಗಿ ಎದುರಿಗೆ, ಬೆಳಕಿಗೆ ಮುಖ ಕೊಟ್ಟು ನಿಂತೆ.

"ಏನು ಹೇಳ್ತೀರಾ ಭಾವ, ಮಧ್ಯಾಹ್ನ?"

"ಸಾಕು ಅಂತೀನಿ."

"ನಿಮಗೆ ಸಾಕಾ?"

ಅವರು ಸ್ಯಾಂಡ್‌ವಿಚ್ಚನ್ನು ಪೆಟ್ಟಿಗೆಯ ಮೇಲಿಟ್ಟರು. "ಒಬ್ಬನೇ ಹಾರಿಸೋ ವಿಮಾನದಲ್ಲಿ ನಾನು ಕೂರಲ್ಲ ಕಣೋ. ಅಷ್ಟು ಬುದ್ಧಿ ನನಗೂ ಇದೆ. ಇದನ್ನ ವೇದಿಕೆ ಮೇಲೆ ಹೇಳಿದ್ರೆ ತರಬೇತಿ ವಿಭಾಗಕ್ಕೆ ನನ್ನನ್ನ ಮುಖ್ಯಸ್ಥನ್ನ ಮಾಡ್ತಾರಂತೆ. ಮೇಜು, ಕುರ್ಚಿ, ಹೊಸ ಹುಡುಗರಿಗೆ ಪಾಠ. ಆಮೇಲೆ ಹಾರೋ ತಾಪತ್ರಯಾನೇ ಇಲ್ಲ. ವೈದ್ಯರ ಹತ್ರಾನೂ ಹೋಗಬೇಕಿಲ್ಲ. ಗೌರವವಾಗಿ ಇಳ್ಕೊಂಡುಬಿಡ್ತೀನಿ."

"ಮುಂದಿನ ವರ್ಷದವರ ಮಾತು ನಂಬ್ಕೊಂಡ್ರಾ?"

"ಇದು ಈ ವರ್ಷಾನೇ ಅಂದಿದಾರೆ."

"ನಾನು?"

ಭಾವ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಕೇಳಿಸಿರಲೇಬೇಕು. ಆದರೂ ಪೆಟ್ಟಿಗೆಯ ಮೇಲಿನ ಸ್ಯಾಂಡ್‌ವಿಚ್ಚನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. "ನಿನ್ನ ವಯಸ್ಸಲ್ಲಿ ಎಲ್ಲಾದ್ರೂ ಸಿಗುತ್ತೆ" ಎಂದರು ಕೊನೆಗೆ. ನನ್ನ ವಯಸ್ಸಿನ ಸಹಪೈಲಟ್ಟಿಗೆ ಎಲ್ಲೂ ಸಿಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕ್ಯಾಪ್ಟನ್ ಆಗದೆ ಕೂದಲು ಉದುರಿಸಿಕೊಂಡವನನ್ನು ನೋಡಿದರೆ, ಇವನಲ್ಲೇ ಏನೋ ಐಬಿದೆ ಎಂದುಕೊಳ್ಳುತ್ತಾರೆ. ನನ್ನ ಐಬು ಇವರೇ ಆಗಿದ್ದರು. ಬೇರೆ ಕಂಪನಿಯಿಂದ ಕರೆ ಬಂದಾಗಲೆಲ್ಲ, ಇವರನ್ನು ಬಿಟ್ಟು ಹೋದರೆ ಇವರ ಕಿವಿಯ ಗತಿ ಏನು ಎಂದು ಇಲ್ಲೇ ಉಳಿದವನು ನಾನು. ಇದನ್ನು ಹೇಳಬೇಕೆಂದು ಬಾಯಿಗೆ ಬಂತು. ಅವರ ಕೊರಳಪಟ್ಟಿ ಸಡಿಲವಾಗಿದ್ದದ್ದು ಕಣ್ಣಿಗೆ ಬಿತ್ತು. ಈಚೆಗೆ ತುಂಬ ಸೊರಗಿದ್ದರು. ನುಂಗಿಕೊಂಡೆ.

ಹೊರಗೆ ಬಂದರೆ ಅಕ್ಕನ ಫೋನು. ಎಲ್ಲ ತಿಳಿದೇ ಮಾಡಿದ್ದಳು.

"ಸಿಟ್ಟು ಬಂದಿದೆಯೇನೋ?" ಎಂದಳು.

"ಬರದೆ ಏನು?"

"ಬರಲಿ. ಬೈಬೇಕಂದ್ರೆ ನನ್ನನ್ನ ಬೈಯಿ. ಇವತ್ತೊಂದು ದಿನ ಅವರ ಬಾಯಿಂದ ಬಂದ ಮಾತಿಗೆ ಅಡ್ಡ ಬರಬೇಡ. ಎಷ್ಟು ವರ್ಷದಿಂದ ಹೆದರ್ಕೊಂಡು ಬದುಕಿದೀನಿ ನಿಂಗೇನು ಗೊತ್ತು? ನೀವಿಬ್ರೂ ಮೇಲೆ ಹೋದ್ರೆ ಇಳಿದ್ವಿ ಅನ್ನೋ ತನಕ ಒಲೆ ಹಚ್ಚೋಕೂ ಕೈ ಬರಲ್ಲ. ಅವರು ಕೆಳಗೆ ಬಂದ್ರೆ ಸಾಕಾಗಿದೆ ನಂಗೆ."

"ನಾನು ಕೆಲಸ ಇಲ್ಲದೆ ಕೂತ್ರೆ?"

"ನಮ್ಮನೇಲಿ ಬಂದಿರು. ನಿನ್ನ ಅನ್ನಕ್ಕೆ ನಾನಿಲ್ವಾ?"

ಅಕ್ಕ ಹೀಗೆಂದರೆ ಮುಂದೆ ಮಾತು ಉಳಿಯುವುದಿಲ್ಲ. ಚಿಕ್ಕಂದಿನಲ್ಲಿ ನನ್ನ ಕೈಯಿಂದ ಏನನ್ನಾದರೂ ಬಿಡಿಸಿಕೊಳ್ಳಬೇಕಾದರೂ ಹೀಗೇ ತಬ್ಬಿಕೊಂಡೇ ಬಿಡಿಸಿಕೊಳ್ಳುತ್ತಿದ್ದಳು. ಅಡ್ಡ ಬರಲ್ಲ ಅಕ್ಕ ಎಂದೆ. ಮನಸ್ಸಿನಿಂದಲೇ ಹೇಳಿದೆ ಎಂದುಕೊಂಡಿದ್ದೇನೆ.

ಗೋಷ್ಠಿಯ ಸಭಾಂಗಣ ಅರ್ಧ ತುಂಬಿತ್ತು. ಊಟ ಮುಗಿಸಿ ಬಂದವರು ಕುರ್ಚಿಯಲ್ಲಿ ಜಾರಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ಮೂರು ಕುರ್ಚಿ: ಚುರುಕಾದ ಒಬ್ಬ ನಿರೂಪಕಿ, ಪಕ್ಕದಲ್ಲಿ ನಮ್ಮ ಯಜಮಾನರು, ತುದಿಯಲ್ಲಿ ಭಾವ. ನಾನು ಮೊದಲ ಸಾಲಿನಲ್ಲಿ, ಭಾವನಿಗೆ ಸರಿಯಾಗಿ ಕಾಣುವ ಹಾಗೆ ಕೂತೆ. ಅಲ್ಲೇ ಯಾಕೆ ಕೂತೆ ಎಂದರೆ, ಇನ್ನೆಲ್ಲಿ ಕೂರಬೇಕು ಎಂದು ಹೊಳೆಯಲಿಲ್ಲ.

ಮೊದಲೆಲ್ಲ ಸುಸೂತ್ರವಾಗಿ ನಡೆಯಿತು. ತಾನು ಏನೇನು ಕೇಳುತ್ತೇನೆ ಎಂದು ನಿರೂಪಕಿ ಮೊದಲೇ ಹೇಳಿದ್ದಳು. ಭಾವ ಅವಳ ಮುಖ ನೋಡಿಕೊಂಡು, ಸರದಿಯ ಪ್ರಕಾರ ಉತ್ತರ ಕೊಟ್ಟರು. ಅವರ ದನಿ ಚೆನ್ನಾಗಿದೆ. ಹೊಸ ಯಂತ್ರಗಳು ಎಷ್ಟು ಕೆಲಸ ಹಗುರ ಮಾಡಿವೆ, ಪರದೆಯ ಮೇಲೆ ಎಲ್ಲ ಹೇಗೆ ಕಾಣುತ್ತದೆ, ಒಬ್ಬ ಪೈಲಟ್ ಹೇಗೆ ನಿಭಾಯಿಸಬಹುದು ಎಂದು ಹೇಳುತ್ತ ಹೋದರು. ಒಂದೊಂದು ವಾಕ್ಯಕ್ಕೂ ನನ್ನ ಸೀಟು ಅಷ್ಟಷ್ಟೇ ದೂರ ಹೋಗುತ್ತಿತ್ತು. ಹಲ್ಲು ಕಚ್ಚಿ ಕೂತಿದ್ದೆ. ಯಜಮಾನರು ಗೋಣು ಆಡಿಸುತ್ತಿದ್ದರು. ಆಸ್ಪತ್ರೆಯ ಆಸಾಮಿ ಎರಡನೇ ಸಾಲಿನಲ್ಲಿ ತೂಕಡಿಸುತ್ತಿದ್ದ.

ಸಭಿಕರು ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದಳು ನಿರೂಪಕಿ. ಹಿಂದಿನಿಂದ ಒಬ್ಬಾಕೆ ಎದ್ದಳು. ವಿಮೆಯಾಕೆ. ನಮ್ಮ ವಲಯದಲ್ಲಿ ಆಕೆಯನ್ನು ಎಲ್ಲರೂ ಬಲ್ಲರು, ಎಲ್ಲರೂ ಸ್ವಲ್ಪ ಹೆದರುತ್ತಾರೆ. ಕಾನೂನು ಏನೇ ಹೇಳಲಿ, ಈಕೆ ಒಪ್ಪದಿದ್ದರೆ ವಿಮೆ ಇಲ್ಲ, ವಿಮೆ ಇಲ್ಲದಿದ್ದರೆ ವಿಮಾನ ಮೇಲೇಳುವುದಿಲ್ಲ. ಮೈಕು ಹಿಡಿದವನು ಇನ್ನೂ ಆ ಕೊನೆಯಲ್ಲಿದ್ದ.

"ಮೈಕು ಬೇಡ ಬಿಡಿ" ಎಂದು ಆಕೆ ಅಲ್ಲಿಂದಲೇ ಕೇಳಿದಳು. "ಕ್ಯಾಪ್ಟನ್, ಇನ್ನೇನು ಇಳೀಬೇಕು ಅನ್ನೋವಾಗ ಗೋಪುರದವರು ರನ್‌ವೇ ಬದಲಾಯಿಸಿ ಅಂತಾರೆ. ಅದೇ ಹೊತ್ತಿಗೆ ಒಳಗೆ ಎಚ್ಚರಿಕೆ ಗಂಟೆ ಹೊಡ್ಕೊಳ್ಳುತ್ತೆ. ಒಬ್ರೇ ಇದ್ರೆ ಯಾವುದನ್ನ ಮೊದಲು ನೋಡ್ತೀರಿ?"

ಸಭಾಂಗಣ ದೊಡ್ಡದು, ಸೂರು ಎತ್ತರ. ಆಕೆಯ ಮಾತು ಗೋಡೆಗೆ ತಾಗಿ ಚೂರಾಗಿ ವೇದಿಕೆಗೆ ಹೋಯಿತು. ಭಾವನ ಕಣ್ಣು ಆಕೆಯ ಮೇಲೆ ಒಂದು ಕ್ಷಣ ನಿಂತು, ನನ್ನ ಕಡೆ ಹೊರಳಿತು.

"ಇಳಿಯುವ ಮುಂಚೆ ರನ್‌ವೇ ಬದಲು. ಜೊತೆಗೆ ಎಚ್ಚರಿಕೆ ಗಂಟೆ. ಮೊದಲು ಯಾವುದು" ಎಂದೆ ನಾನು.

ಹೇಳಿದ್ದು ನಾನೇ. ರೇಡಿಯೊದ ದನಿ. ಏರಿಳಿತವಿಲ್ಲದೆ, ಒಂದೊಂದು ಮಾತನ್ನೂ ಬಿಡಿಸಿ, ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ.

"ಮೊದಲು ವಿಮಾನ" ಎಂದರು ಭಾವ ತಡಮಾಡದೆ. "ಅದನ್ನ ನೆಟ್ಟಗೆ ಇಟ್ಕೊಂಡು ಆಮೇಲೆ ಗಂಟೆ. ಗೋಪುರದವರಿಗೆ ಸ್ವಲ್ಪ ಕಾಯಿರಿ ಅಂತ ಹೇಳಬಹುದು. ಅವರು ನೆಲದ ಮೇಲಿದಾರೆ, ಅವರಿಗೇನೂ ಆತುರ ಇಲ್ಲ."

ಜನ ನಕ್ಕರು, ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಒಳ್ಳೆಯ ಉತ್ತರವೇ. ವಿಮೆಯಾಕೆ ಮಾತ್ರ ಕೂರಲಿಲ್ಲ. ಒಬ್ಬರೇ ಹಾರಿಸುವಾಗ ಆಯಾಸವಾದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಈ ಸಲ ಇನ್ನೂ ಮೆಲ್ಲಗೆ ಕೇಳಿದಳು.

"ಒಬ್ಬರೇ ಇದ್ದಾಗ ಆಯಾಸವಾದರೆ ಏನು ಮಾಡುವುದು" ಎಂದೆ.

ಭಾವ ಉತ್ತರ ಕೊಟ್ಟರು. ನನ್ನ ಪಕ್ಕದ ಕುರ್ಚಿಯಲ್ಲಿ ಯಾವುದೋ ಕಂಪನಿಯ ಪೈಲಟ್ ಒಬ್ಬ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಅವನು ತಿರುಗಿ ನನ್ನ ಮುಖ ನೋಡಿದ. ನೋಡಿದ್ದು ನನಗೆ ಗೊತ್ತಾಯಿತು.

"ಕೊನೇ ಪ್ರಶ್ನೆ" ಎಂದಳು ವಿಮೆಯಾಕೆ. ಆಕೆ ಈಗ ಭಾವನನ್ನು ನೋಡುತ್ತಿರಲಿಲ್ಲ, ನನ್ನ ಬೆನ್ನನ್ನು ನೋಡುತ್ತಿದ್ದಳು ಎಂದು ಆಮೇಲೆ ಯಾರೋ ಹೇಳಿದರು. "ಪಕ್ಕದಲ್ಲಿ ಯಾರೂ ಇಲ್ಲದೆ ಹಾರಿಸಿದ್ರೆ ನಿಮಗೆ ಏನಾದ್ರೂ ಕೊರತೆ ಅನ್ಸುತ್ತಾ, ಕ್ಯಾಪ್ಟನ್?"

"ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕೊರತೆ ಅನಿಸುತ್ತದೆಯೇ" ಎಂದೆ ನಾನು.

"ಏನೂ ಇಲ್ಲ" ಎಂದರು ಭಾವ, ನನ್ನನ್ನೇ ನೋಡುತ್ತ. "ಒಬ್ಬನೇ ಸಾಕು."

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮುಂದಕ್ಕೆ ಬರುವಷ್ಟರಲ್ಲಿ ನಿಂತುಹೋಯಿತು. ಬೇರೆ ಜನರ ಸಭೆಯಾಗಿದ್ದರೆ, ಯಾರೋ ಮುಂದೆ ಕೂತವನು ಅಧಿಕಪ್ರಸಂಗ ಮಾಡಿದ ಎಂದುಕೊಂಡು ಮರೆಯುತ್ತಿದ್ದರು. ಅಲ್ಲಿದ್ದವರೆಲ್ಲ ಇದೇ ಕಸುಬಿನವರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಒಪ್ಪಿಸುವುದು, ಅದನ್ನು ಕೇಳಿ ಕ್ಯಾಪ್ಟನ್ ಕೆಲಸ ಮಾಡುವುದು, ಅವರು ದಿನಾ ಕಂಡದ್ದು. ಕ್ಯಾಪ್ಟನ್ನಿಗೆ ನೇರವಾಗಿ ಕೇಳಿಸುತ್ತಿಲ್ಲ ಎಂದು ಅರ್ಥಮಾಡಿಕೊಳ್ಳಲು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಿರೂಪಕಿ ಏನೋ ತಮಾಷೆ ಮಾಡಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಯಜಮಾನರ ಮುಖ ಸುಣ್ಣದ ಹಾಗಾಗಿತ್ತು. ಭಾವನಿಗೆ ಆ ಮೌನವೂ ಕೇಳಿಸಲಿಲ್ಲ. ನಗು ತುಂಬಿದ ಮುಖದಲ್ಲಿ ಇನ್ನೂ ಮುಂದಿನ ಪ್ರಶ್ನೆಗೆ ಕಾಯುತ್ತ ಕೂತಿದ್ದರು. ಆ ಮುಖವನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ನಾನು ತಲೆ ತಗ್ಗಿಸಿದ್ದನ್ನು ನೋಡಿ ಅವರಿಗೆ ಅರ್ಥವಾಯಿತು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ವಿಮೆಯಾಕೆ ನಮ್ಮ ಮಳಿಗೆಗೇ ಬಂದು ಯಜಮಾನರ ಹತ್ತಿರ, ಗಿರಾಕಿಗಳು ಇರುವ ಹಾರಾಟಕ್ಕೆ ಇಬ್ಬರು ಪೈಲಟ್ ಬೇಕೇ ಬೇಕು, ಒಬ್ಬರೇ ಎನ್ನುವ ಮಾತನ್ನು ಇನ್ನು ನನ್ನ ಮುಂದೆ ಎತ್ತಬೇಡಿ ಎಂದಳು. ಕ್ಯಾಪ್ಟನ್ನರನ್ನು ಬೇರೆ ವೈದ್ಯರಿಗೆ ತೋರಿಸಿ ಎಂದೂ ಸೇರಿಸಿದಳು. ಕಟುವಾಗಿ ಹೇಳಲಿಲ್ಲ, ಬೇಸರದಲ್ಲಿ ಹೇಳಿದಳು. ಹೋಗುವಾಗ ನನ್ನ ಹತ್ತಿರ ನಿಂತು, "ನಿಮ್ಮ ಸೀಟು ಉಳೀತು" ಎಂದಳು. ಅಭಿನಂದನೆಯೋ ಬೈಗುಳವೋ ತಿಳಿಯಲಿಲ್ಲ. ತರಬೇತಿ ವಿಭಾಗದ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ನಾಳೆ ನಮ್ಮೂರಲ್ಲಿ ಗಿರಾಕಿ ಕಾಯುತ್ತಿರುತ್ತಾರೆ, ವಿಮಾನ ಇವತ್ತೇ ವಾಪಸು ಹೋಗಬೇಕು, ತಾವು ಮಾತ್ರ ಇಲ್ಲೇ ಉಳಿಯುವುದಾಗಿ ಹೇಳಿದರು. "ಖಾಲಿ ವಿಮಾನ ತಾನೆ, ನಿನಗೂ ಲೈಸೆನ್ಸಿದೆ, ನೀನೊಬ್ಬನೇ ಹಾರಿಸಿಕೊಂಡು ಹೋಗಬಹುದಲ್ಲ. ಇನ್ನು ಎಡಗಡೆ ನೀನೇ ಕೂತ್ಕೋ. ನಿನ್ನ ಸೀಟಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಬೆಳಗ್ಗೆ ಬಲಗಡೆಯ ಸೀಟಿನಿಂದ ಎಬ್ಬಿಸಿದವರು ಸಂಜೆಯೊಳಗೆ ಎಡಗಡೆಯದನ್ನು ಕೊಟ್ಟರು. ಇಷ್ಟು ವರ್ಷ ಬೇಕೆಂದಿದ್ದದ್ದೇ. ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಒಳಗೆ ಎಲ್ಲೋ ಒಂದು ಕಡೆ ಚುರುಕ್ಕೆಂದು ಖುಷಿಯಾಯಿತು, ಮರುಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. "ಅವರಿಗೆ ಊಟ ಆಗಿದೆಯಾ?" ಎಂದು ಕೇಳಿ ಇಟ್ಟುಬಿಟ್ಟಳು.

ಭಾವ ವಿಮಾನದ ಮೆಟ್ಟಿಲ ಬಳಿ ಪೆಟ್ಟಿಗೆ ಹಿಡಿದು ನಿಂತಿದ್ದರು. ಕ್ಯಾಪ್ಟನ್ ಗುರುತಿನ ಭುಜದ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ನಾನು ಬರುವ ತನಕ ಒಳಗೆ ಹತ್ತಿರಲಿಲ್ಲ. "ನಾನು ಎಲ್ಲಿ ಕೂರಲಿ?" ಎಂದರು, ಗಿರಾಕಿಗಳು ಕೇಳುವ ಹಾಗೆ. ಹಿಂದೆ ಆರಾಮಾಗಿ ಕೂರಬಹುದು ಭಾವ ಎಂದೆ. ಬೇಡ ಎಂದು ಮುಂದೆಯೇ ಬಂದು ನನ್ನ ತಗ್ಗಿನಲ್ಲಿ ಕೂತರು. ಹೆಡ್‌ಫೋನ್ ಕೊಟ್ಟೆ. ತಿರುಗಿ ಕೊಟ್ಟರು.

ಎಡಗಡೆಯಿಂದ ಎಲ್ಲವೂ ಸ್ವಲ್ಪ ಓರೆಯಾಗಿ ಕಂಡಿತು. ಮೇಲೇರಿದೆವು. ಸೂರ್ಯ ಇನ್ನೂ ಇದ್ದ. ಕೆಳಗೆ ಸಮ್ಮೇಳನದ ಕಟ್ಟಡದ ಬಿಳಿ ಸೂರು, ಅದರ ಸುತ್ತ ಸಾಲು ನಿಂತ ಕಾರುಗಳು ಕಂಡು ಮರೆಯಾದವು. ಭಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೆ, ಆ ಕೈಗಳು ಸುಮ್ಮನಿದ್ದದ್ದನ್ನು ನೋಡಿರಲಿಲ್ಲ. ಬೈದುಬಿಡಲಿ ಎಂದುಕೊಂಡೆ. ಬೈಯಲಿಲ್ಲ.

ಎತ್ತರ ತಲುಪಿ ವಿಮಾನ ನೆಟ್ಟಗಾದ ಮೇಲೆ ಅವರು ನನ್ನ ಕಡೆ ವಾಲಿದರು.

"ಒಂದು ಕೇಳ್ತೀನಿ. ಬೇಕಂತಲೇ ಮಾಡಿದ್ಯಾ?"

"ಇಲ್ಲ ಭಾವ" ಎಂದೆ.

ಎಂಜಿನ್ನಿನ ಸದ್ದು ಇತ್ತು, ನಾನು ಮುಂದೆ ನೋಡಿಕೊಂಡು ಹೇಳಿದ್ದೆ. ಅವರಿಗೆ ಕೇಳಿಸಲಿಲ್ಲ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಇನ್ನೂ ಹತ್ತಿರ ಬಂದರು. ಯಾರ ಮುಂದೆಯೂ ಎಂದೂ ಹಾಗೆ ಕೈ ಇಟ್ಟುಕೊಂಡವರಲ್ಲ. ಈಗ ಮುಚ್ಚಿಡುವುದೇನೂ ಉಳಿದಿರಲಿಲ್ಲ.

ಅಷ್ಟರಲ್ಲಿ ರೇಡಿಯೊದಲ್ಲಿ ಕರೆ ಬಂತು. ದಿಕ್ಕು ಬದಲಿಸಲು ಹೇಳಿದರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಿದೆ, ವಿಮಾನ ತಿರುಗಿಸಿದೆ. ಮತ್ತೆ ಈ ಕಡೆ ನೋಡಿದರೆ ಭಾವ ಇನ್ನೂ ಹಾಗೇ ಕಾಯುತ್ತಿದ್ದರು.

ಮೊದಲ ಎರಡು ಪ್ರಶ್ನೆಗಳ ವಿಷಯ ಆಣೆ ಮಾಡಿ ಹೇಳಬಲ್ಲೆ. ಅದು ಅಭ್ಯಾಸ. ಬಾಯಿ ತಾನಾಗಿ ಆಡಿತು. ಆದರೆ ಪಕ್ಕದ ಪೈಲಟ್ ತಿರುಗಿ ನನ್ನನ್ನು ನೋಡಿದ ಮೇಲೆ, ಮೂರನೆಯದನ್ನು ಹೇಳುವ ಮುಂಚೆ, ಉಸಿರು ಎಳೆದುಕೊಳ್ಳುವಷ್ಟು ಹೊತ್ತಿತ್ತು. ಆ ಹೊತ್ತಿನಲ್ಲಿ ನನಗೆ ಏನು ಗೊತ್ತಿತ್ತು, ಏನು ಬೇಕಿತ್ತು ಎಂದು ಎಷ್ಟು ಕೆದಕಿದರೂ ಕೈಗೆ ಸಿಗುತ್ತಿಲ್ಲ. ಇಷ್ಟು ವರ್ಷ ಬೇರೆಯವರು ಆಡಿದ್ದನ್ನೆಲ್ಲ ಅವರಿಗಾಗಿ ಎರಡೆರಡು ಸಲ ಹೇಳಿದವನು, ನನ್ನದೇ ಒಂದು ಮಾತನ್ನು ಎರಡನೇ ಸಲ ಹೇಳಲು ಬಾಯಿ ತೆರೆದೆ. ಬರಲಿಲ್ಲ. ಪರದೆಯ ಮೇಲಿನ ಇಂಧನದ ಅಂಕಿಯನ್ನು ನೋಡಿದೆ.

ಭಾವ ಇನ್ನೂ ಸ್ವಲ್ಪ ಹೊತ್ತು ಕಾದು, ಕಿವಿಯಿಂದ ಕೈ ಇಳಿಸಿ, ಕಿಟಕಿಯ ಕಡೆ ತಿರುಗಿ ಕೂತರು.